7520ಯು, 7530ಯು ಎರಡೂ ಒಂದೇ ಅಂತಾನೆ ಅಂಗಡಿಯವ, ಹೌದಾ?

ಡೊಂಬಿವಲಿಯಿಂದ: ನಮಸ್ಕಾರ ಅಣ್ಣ. ಮಗ ಇಂಜಿನಿಯರಿಂಗ್ ಸೇರಿದ್ದಾನೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಎರಡು ಲ್ಯಾಪ್‌ಟಾಪ್ ನೋಡಿ ಬಂದೆವು. ಒಂದರ ಪ್ರೊಸೆಸರ್ ರೈಜನ್ 5 7520ಯು, ಇನ್ನೊಂದರದು ರೈಜನ್ 5 7530ಯು. ಎರಡರಲ್ಲೂ 8 ಜಿಬಿ ರ‍್ಯಾಮ್. ಎರಡನೆಯದಕ್ಕೆ ಆರು ಸಾವಿರ ಜಾಸ್ತಿ. "ಒಂದಂಕೆ ವ್ಯತ್ಯಾಸ ಅಷ್ಟೆ, ಕಡಿಮೆಯದ್ದೇ ತಗೊಳ್ಳಿ" ಅಂತಾನೆ ಅಂಗಡಿಯವ. ಹೌದಾ?

ರಿಪೇರಿಯವರು: ಇಲ್ಲ ಅಕ್ಕ, ಆ ಒಂದಂಕೆಯಲ್ಲೇ ಎಲ್ಲ ಇರೋದು. ರೈಜನ್ ಮಾಡುವ ಎಎಂಡಿ ಕಂಪನಿಯ ಈ 7000 ಸರಣಿಯಲ್ಲಿ ಮೂರನೇ ಅಂಕೆ ಒಳಗಿನ ಕೋರ್, ಅಂದರೆ ಲೆಕ್ಕ ಮಾಡುವ ಘಟಕ, ಯಾವ ತಲೆಮಾರಿನದು ಅಂತ ಹೇಳುತ್ತದೆ. 2 ಅಂದರೆ ಝೆನ್ 2, ಅದು 2019ರದ್ದು. 3 ಅಂದರೆ ಝೆನ್ 3, 2020ರದ್ದು. 7520ಯುದಲ್ಲಿ 4 ಕೋರ್, 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು), 4 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ). 7530ಯುದಲ್ಲಿ 6 ಕೋರ್, 12 ಥ್ರೆಡ್, 16 ಎಂಬಿ. ಹೊರಗಿನ ಸ್ಟಿಕ್ಕರ್ ಮಾತ್ರ ಒಂದೇ.

ನನಗೆ ಅದಕ್ಕಿಂತ ಚಿಂತೆ ರ‍್ಯಾಮಿನದು. 7520ಯು ಎಲ್‌ಪಿಡಿಡಿಆರ್5 ಎಂಬ ಬಗೆಯ ರ‍್ಯಾಮ್ ಮಾತ್ರ ಒಪ್ಪುತ್ತದೆ, ಅದು ಬೋರ್ಡಿಗೇ ಬೆಸುಗೆ ಹಾಕಿ ಬರುತ್ತದೆ. ಇವತ್ತು 8 ಜಿಬಿ ತಗೊಂಡರೆ ನಾಲ್ಕು ವರ್ಷವೂ 8 ಜಿಬಿಯೇ, ಅದರಲ್ಲೂ ಗ್ರಾಫಿಕ್ಸಿಗೆ ಒಂದು ಪಾಲು ಹೋಗುತ್ತದೆ. ಎರಡನೇ ಸೆಮಿಸ್ಟರಿಗೇ ಹುಡುಗ ಒದ್ದಾಡುತ್ತಾನೆ. 7530ಯು ಇರುವ ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಹಾಕುವ ಸ್ಲಾಟ್ ಇರುತ್ತದೆ, ಎಲ್ಲದರಲ್ಲೂ ಅಲ್ಲ. ಅಂಗಡಿಯಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. ಫಾರ್ಮ್ ಫ್ಯಾಕ್ಟರ್ ಎದುರು "ರೋ ಆಫ್ ಚಿಪ್ಸ್" ಅಂತ ಇದ್ದರೆ ಬೆಸುಗೆಯದು, "ಎಸ್‌ಒಡಿಮ್" ಅಂತಿದ್ದರೆ ತೆಗೆದು ಹಾಕಬಹುದು. ಆರು ಸಾವಿರ ಕೊಡಿ, ಅಕ್ಕ.

ವಾಶಿಯಿಂದ: ಇಂಟೆಲ್ ಐ5 1235ಯು ಮತ್ತು ಐ5 12450ಎಚ್‌ನಲ್ಲಿ ಯಾವುದು? ಮೊದಲನೆಯದರಲ್ಲಿ 10 ಕೋರ್ ಉಂಟಲ್ಲ, ಎರಡನೆಯದರಲ್ಲಿ 8 ಮಾತ್ರ.

ರಿಪೇರಿಯವರು: ಆ ಹತ್ತರಲ್ಲಿ ದೊಡ್ಡ ಕೋರ್ ಎರಡೇ, ಉಳಿದ ಎಂಟು ಸಣ್ಣವು. 12450ಎಚ್‌ನಲ್ಲಿ ದೊಡ್ಡವು ನಾಲ್ಕು, ಸಣ್ಣವು ನಾಲ್ಕು. ಬೇಸ್ ಪವರ್ (ಮಾಮೂಲಿ ವಿದ್ಯುತ್ ಬಳಕೆ) 1235ಯುಗೆ 15 ವ್ಯಾಟ್, 12450ಎಚ್‌ಗೆ 45. ವೀಡಿಯೊ ಎಡಿಟಿಂಗ್ ಇದ್ದರೆ ಎಚ್. ದಿನಾ ಲೋಕಲ್ ಟ್ರೇನಲ್ಲಿ ಹೊತ್ತುಕೊಂಡು ಹೋಗೋದಾದರೆ ಯು.

ಠಾಣೆಯಿಂದ: ಮಗಳಿಗೆ ಹಳೇ ಎಂ1 ಮ್ಯಾಕ್‌ಬುಕ್ ಈಗ ತಗೋಬಹುದಾ ಸರ್?

ಅಂಧೇರಿಯಿಂದ: ಎಎಂಡಿ ಬಿಸಿ ಆಗ್ತದೆ ಮಾರಾಯ್ರೆ. ನಮ್ಮ ಆಫೀಸಲ್ಲಿ ಎಲ್ಲರಿಗೂ ಇಂಟೆಲ್ಲೇ.

ಚಿಂಚವಾಡದಿಂದ: ಅದು ಹಳೇ ಕಥಿ ಬಿಡ್ರಿ. ನನ್ನ ರೈಜನ್ ಮೂರು ವರ್ಷದಿಂದ ಓಡಾಕತ್ತೈತಿ. ವೇಗದ ಟೆಸ್ಟಿನ ಸ್ಕೋರ್ ನೋಡ್ರಿ ಬೇಕಾದ್ರ.

ಅಂಧೇರಿಯಿಂದ: ಸ್ಕೋರ್ ತಗೊಂಡು ಊಟ ಮಾಡ್ಲಿಕ್ಕೆ ಆಗ್ತದಾ?

ಚಿಂಚವಾಡದಿಂದ: ನೀವು ಲ್ಯಾಪ್‌ಟಾಪ್ ಊಟಕ್ಕ ತಗೋತೀರೇನ್ರಿ?

ರಿಪೇರಿಯವರು: ಬಿಸಿ ಚಿಪ್ಪಿನ ಹೆಸರಿನಿಂದ ಬರೋದಲ್ಲ. ಕಂಪನಿ ಎಷ್ಟು ವ್ಯಾಟ್ ಬಿಟ್ಟಿದೆ, ಫ್ಯಾನ್ ಹೇಗಿದೆ, ಒಳಗೆ ಎಷ್ಟು ಧೂಳು ಕೂತಿದೆ, ಅದರ ಮೇಲೆ ಹೋಗುತ್ತದೆ. ಒಂದೇ ಸಲ ಓಡಿಸಿದ ಸ್ಕೋರನ್ನೂ ನಂಬಬೇಡಿ. ಹತ್ತು ನಿಮಿಷ ಬಿಡದೆ ಓಡಿಸಿ, ಕೊನೆಯ ಸಂಖ್ಯೆ ನೋಡಿ.

ಮುಲುಂಡದಿಂದ: 7520ಯು ಒಳ್ಳೇದಾ 7530ಯು ಒಳ್ಳೇದಾ?

ರಿಪೇರಿಯವರು: ಮೇಲೆ ಓದಿ.

ವಾಶಿಯಿಂದ: ಫಾರ್ವರ್ಡ್ ಬಂದದ್ದು: "ಎಂಎಸ್‌ಕಾನ್ಫಿಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ 12 ಮಾಡಿದರೆ ವೇಗ ದುಪ್ಪಟ್ಟು. ಬಿಸಿಯಾದರೆ ಹತ್ತು ನಿಮಿಷ ಫ್ರಿಜ್ಜಲ್ಲಿಡಿ."

ರಿಪೇರಿಯವರು: ವಿಂಡೋಸ್ ಮೊದಲಿಂದಲೂ ಎಲ್ಲ ಕೋರ್ ಬಳಸುತ್ತದೆ. ಎಂಎಸ್‌ಕಾನ್ಫಿಗ್ ಅನ್ನೋದು ವಿಂಡೋಸ್ ಶುರುವಾಗುವ ರೀತಿಯ ಸೆಟ್ಟಿಂಗ್, ಅಲ್ಲಿ ಸಂಖ್ಯೆ ಹಾಕಿದರೆ ಕಡಿಮೆ ಮಾಡಬಹುದೇ ಹೊರತು ಹೆಚ್ಚಿಸಲಿಕ್ಕಾಗುವುದಿಲ್ಲ. ಫ್ರಿಜ್ಜಿಂದ ತೆಗೆದ ಚೊಂಬಿನ ಮೈಮೇಲೆ ನೀರು ಕೂರುವುದನ್ನು ನೋಡಿಲ್ಲವೇ? ಮುಂಬೈ ಮಳೆಗಾಲದಲ್ಲಿ ಅದೇ ನೀರು ಬೋರ್ಡಿನ ಮೇಲೆ ಕೂರುತ್ತದೆ. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಮಡಗಾಂವದಿಂದ: ನನ್ನದು ಐ5 8250ಯು, ಏಳು ವರ್ಷ ಹಳೇದು. ಯಾವಾಗಲೂ ಚಾರ್ಜಿಗೇ ಹಾಕಿರುತ್ತೇನೆ. ಈಚೆಗೆ ತುಂಬ ನಿಧಾನ. ಟಚ್‌ಪ್ಯಾಡ್ ಕೂಡ ಸ್ವಲ್ಪ ಮೇಲೆ ಬಂದು ಕ್ಲಿಕ್ ಆಗ್ತಿಲ್ಲ. 7530ಯುಗೆ ಬದಲಾಯಿಸಿದರೆ ಎಷ್ಟು ಫರಕು?

ರಿಪೇರಿಯವರು: ಪ್ರೊಸೆಸರ್ ಮಾತು ಆಮೇಲೆ. ಚಾರ್ಜರ್ ಕೀಳಿ, ಲ್ಯಾಪ್‌ಟಾಪ್ ಆಫ್ ಮಾಡಿ, ಈಗಲೇ. ಟಚ್‌ಪ್ಯಾಡ್ ಎದ್ದು ಬಂದಿದ್ದರೆ ಕೆಳಗೆ ಬ್ಯಾಟರಿ ಉಬ್ಬಿದೆ ಅಂತಲೇ ತಿಳಿದುಕೊಳ್ಳಿ. ಲಿಥಿಯಂ ಸೆಲ್ ಒಳಗೆ ಗ್ಯಾಸ್ ತುಂಬಿಕೊಂಡಿರುತ್ತದೆ. ಒತ್ತಬೇಡಿ, ಮುಚ್ಚಳ ಬಲವಂತವಾಗಿ ಮುಚ್ಚಬೇಡಿ. ಹಾಸಿಗೆ, ಸೋಫಾ, ಪರದೆಯಿಂದ ದೂರ ಕಲ್ಲಿನ ನೆಲದ ಮೇಲಿಡಿ. ಕೊರಿಯರ್ ಮಾಡಬೇಡಿ, ರಿಪೇರಿ ಅಂಗಡಿಗೆ ಕೈಯಲ್ಲೇ ಒಯ್ದು ಬ್ಯಾಟರಿ ಬಿಚ್ಚಿಸಿ. ಹಳೇ ಬ್ಯಾಟರಿ ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯಕ್ಕೆ. ಬ್ಯಾಟರಿ ಕೆಟ್ಟಾಗ ಎಷ್ಟೋ ಲ್ಯಾಪ್‌ಟಾಪ್‌ಗಳು ತಾವೇ ವೇಗ ಇಳಿಸುತ್ತವೆ. ನಿಮ್ಮ ನಿಧಾನಕ್ಕೆ ಅದೇ ಕಾರಣ ಇರಬಹುದು.

ವಾಶಿಯಿಂದ: ಸೂಜಿಯಿಂದ ಸಣ್ಣ ತೂತು ಮಾಡಿದರೆ ಗ್ಯಾಸ್ ಹೋಗ್ತದಂತೆ, ಒಂದು ವೀಡಿಯೊದಲ್ಲಿ...

ರಿಪೇರಿಯವರು: ಬೆಂಕಿ ಹತ್ತುತ್ತದೆ. ಆ ಸಂದೇಶ ತೆಗೆಯಿರಿ. ನೀವು ತೆಗೆಯುವ ತನಕ ನಾನು ಬೇರೆ ಯಾರಿಗೂ ಉತ್ತರ ಕೊಡುವುದಿಲ್ಲ.

ಚಿಂಚವಾಡದಿಂದ: ತೆಗೀರಿ ಅಂದ್ರ ತೆಗೀರಲ್ಲ.

ವಾಶಿಯಿಂದ: ಕೇಳಿದ್ದೂ ತಪ್ಪಾ? ತೆಗೆದೆ.

ಠಾಣೆಯಿಂದ: ಸರ್, ಎಂ1?

ರಿಪೇರಿಯವರು: ಮಡಗಾಂವದವರೇ, ಆಫ್ ಮಾಡಿದಿರಾ?

ಮಡಗಾಂವದಿಂದ: ಮಾಡಿದೆ, ಫೋನಿಂದ ಬರೀತಿದ್ದೇನೆ. ಕೆಳಗಿನ ಪ್ಲಾಸ್ಟಿಕ್ ಒಂದು ರೂಪಾಯಿ ನಾಣ್ಯ ತೂರುವಷ್ಟು ಬಿಟ್ಟುಕೊಂಡಿದೆ. ಜಗಲಿಯ ಕಲ್ಲಿನ ಮೇಲೆ ಇಟ್ಟಿದ್ದೇನೆ, ಮಕ್ಕಳನ್ನು ಒಳಗೆ ಕಳಿಸಿದೆ.