ಕಂಪನಿ ಇಸಾಪ್ ಕೊಟ್ಟಿದೆ, ಈಗೇನು ಮಾಡಲಿ?

(ಒಂದು ಗ್ರೂಪಿನ ಪ್ರಶ್ನೋತ್ತರ. ಕೇಳುವವರು ಊರಿನ ಹೆಸರಲ್ಲಿ. ಉತ್ತರ ಕೊಡುವವರು: ಪೀಣ್ಯದಲ್ಲಿ ಕಾರ್ಖಾನೆ ಕಟ್ಟಿ, ನೌಕರರಿಗೇ ಷೇರು ಹಂಚಿ ನಿವೃತ್ತರಾದ ಉದ್ಯಮಿ)

ಹುಬ್ಬಳ್ಳಿ: ಸರ್, ಆಫರ್ ಲೆಟರ್‌ನಲ್ಲಿ ಇಸಾಪ್ (ESOP, ನೌಕರರ ಷೇರು ಆಪ್ಷನ್) ಇದೆ. ನಾನೂ ಪಾಲುದಾರ ಆದೆನಾ?

ಉತ್ತರ: ಇನ್ನೂ ಇಲ್ಲ. ಅದು ಷೇರಲ್ಲ, ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. ಆ ಹಕ್ಕು ಕೈಗೆ ಬರಲು, ಅಂದರೆ ವೆಸ್ಟ್ ಆಗಲು, ಕನಿಷ್ಠ 1 ವರ್ಷ ಕಾಯಬೇಕು, ಕಾನೂನೇ ಹಾಗಿದೆ.

ಬೆಂಗಳೂರು: ಸರ್, ಸ್ಟಾರ್ಟಪ್ ಬಿಡುತ್ತಿದ್ದೇನೆ. 5,000 ಆಪ್ಷನ್ ವೆಸ್ಟ್ ಆಗಿವೆ. ಒಂದಕ್ಕೆ 10 ರೂಪಾಯಿ, ಈಗಿನ ಬೆಲೆ 510 ಅಂತೆ. ಕೊಳ್ಳಲು 90 ದಿನ ಟೈಮ್ ಇದೆ. 50 ಸಾವಿರ ತಾನೇ, ಕೊಂಡುಬಿಡಲಾ?

ಉತ್ತರ: ತಡೀರಿ ಅಮ್ಮಾ, ಇವತ್ತೇ ಸಹಿ ಹಾಕಬೇಡಿ. 50 ಸಾವಿರ ಬರೀ ಷೇರಿನ ಬೆಲೆ. ಒಂದೊಂದರ ಮೇಲೂ ಉಳಿಯುವ 500 ರೂಪಾಯಿಯನ್ನು ತೆರಿಗೆ ಇಲಾಖೆ ನಿಮ್ಮ ಸಂಬಳಕ್ಕೆ ಸೇರಿಸುತ್ತದೆ. 25 ಲಕ್ಷ ಆಯಿತು. 30% ಸ್ಲ್ಯಾಬ್‌ನಲ್ಲಿದ್ದರೆ ಏಳೂವರೆ ಲಕ್ಷ ತೆರಿಗೆ, ಮೇಲೆ ಸೆಸ್. ಷೇರು ಮಾರಿ ಕಟ್ಟೋಣ ಅಂದರೆ, ಷೇರುಪೇಟೆಯಲ್ಲಿ ಲಿಸ್ಟ್ ಆಗದ ಕಂಪನಿಯ ಷೇರು ಕೊಳ್ಳುವವರು ಯಾರು? ಲಾಭ ಕಾಗದದ ಮೇಲೆ, ತೆರಿಗೆ ಮಾತ್ರ ನಗದು. ಎಚ್‌ಆರ್‌ಗೆ ಮೇಲ್ ಹಾಕಿ. 510 ಅನ್ನುವುದು ಷೇರಿಗೆ ಬೆಲೆ ಕಟ್ಟುವ ಮರ್ಚೆಂಟ್ ಬ್ಯಾಂಕರ್ ವರದಿಯ ಬೆಲೆಯಾ, ಹೂಡಿಕೆದಾರರು ಕೊಟ್ಟ ಬೆಲೆಯಾ? ತೆರಿಗೆಗೆ ವರದಿಯದೇ ಲೆಕ್ಕ. ಬೈಬ್ಯಾಕ್, ಅಂದರೆ ಕಂಪನಿಯೇ ಷೇರು ವಾಪಸ್ ಕೊಳ್ಳೋದು, ಇದೆಯಾ? 90 ದಿನ ಹೆಚ್ಚಿಸುತ್ತಾರಾ?

ಮೈಸೂರು: ಫಾರ್ವರ್ಡ್ ಬಂತು 👇 "ಸ್ಟಾರ್ಟಪ್ ನೌಕರರಿಗೆ 4 ವರ್ಷ ತೆರಿಗೆ ಇಲ್ಲ! ಅಪ್ಪನ ಹೆಸರಿಗೆ ಮಾಡಿಸಿದರೆ ಪೂರ್ತಿ ಮಾಫಿ! ಎಲ್ಲರಿಗೂ ಕಳುಹಿಸಿ 🙏"

ಉತ್ತರ: ಯಾರಿಗೂ ಕಳುಹಿಸಬೇಡಿ. ಮಾಫಿ ಅಲ್ಲ, ಮುಂದೂಡಿಕೆ. ಅದೂ ತೆರಿಗೆ ರಜೆಯ ಸರ್ಟಿಫಿಕೇಟ್ ಇರುವ ಸ್ಟಾರ್ಟಪ್‌ಗಳಿಗೆ ಮಾತ್ರ. ಕೆಲಸ ಬಿಟ್ಟರೆ ಅದೂ ಮುಗಿಯಿತು. ಆ ಮೇಡಂ ಬಿಡ್ತಾ ಇದ್ದಾರೆ, ಓದಿದಿರಾ? ಆಪ್ಷನ್ ಬೇರೆಯವರ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲ.

ಶಿವಮೊಗ್ಗ: ಇದೆಲ್ಲ ಮೂಗಿಗೆ ತುಪ್ಪ ಸವರೋದು. ಕಾಫಿ ಬೋರ್ಡ್ ಕಾಫಿ ಹೌಸ್ ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು. 1957ರಲ್ಲಿ, ಮೊದಲು ಬೆಂಗಳೂರಲ್ಲೇ. ಒಬ್ಬರಿಗೆ ಒಂದೇ ಓಟು. ಮಾಲೀಕತ್ವ ಅಂದರೆ ಅದು.

ತುಮಕೂರು: ಓಟಿನಿಂದ ಹೊಟ್ಟೆ ತುಂಬತ್ತಾ? ಇನ್ಫೋಸಿಸ್ ಷೇರಿನಿಂದ ಎಷ್ಟು ಜನ ಕೋಟ್ಯಧಿಪತಿಗಳಾದರು!

ಶಿವಮೊಗ್ಗ: ಎಲ್ಲರೂ ಅದೊಂದೇ ಹೆಸರು ಹೇಳೋದು.

ತುಮಕೂರು: ನೀವೂ ಕಾಫಿ ಹೌಸ್ ಬಿಟ್ಟು ಇನ್ನೊಂದು ಹೇಳಿ.

ಶಿವಮೊಗ್ಗ: ದಿನೇಶ್ ಬೀಡಿ, ಅದೂ ಕೆಲಸಗಾರರದೇ ಸಹಕಾರ ಸಂಘ. ಕಣ್ಣೂರು, 1969. ಸಾಕಾ?

ತುಮಕೂರು: ಈಗ ಬೀಡಿ ಸೇದೋರು ಯಾರ್ರೀ?

ಮಂಗಳೂರು: ನನ್ನದು ಅಮೆರಿಕದ ಕಂಪನಿ ಷೇರು. ರಿಟರ್ನ್‌ನಲ್ಲಿ ಎಲ್ಲಿ ತೋರಿಸಬೇಕು ಸರ್?

ದಾವಣಗೆರೆ: ಇಸಾಪ್ ಅಂದ್ರೆ ಷೇರೇ ಅಲ್ವಾ ಸರ್?

ಉತ್ತರ: ಮೇಲೆ ಓದಿ.

ಬೆಂಗಳೂರು: ಸರ್, ವರದಿಯ ಬೆಲೆಯೇ 510. ಬೈಬ್ಯಾಕ್ ಸದ್ಯಕ್ಕಿಲ್ಲ. ಅಷ್ಟೂ ಕೊಳ್ಳಲೇಬೇಕಾ?

ಉತ್ತರ: ಬೇಕಿಲ್ಲ. ಸ್ಕೀಮ್‌ನಲ್ಲಿ ಅಡ್ಡಿ ಇಲ್ಲದಿದ್ದರೆ, ಹೋದರೂ ಹೋಗಲಿ ಅನ್ನುವಷ್ಟು ದುಡ್ಡಿಗೆ ಮಾತ್ರ ಕೊಳ್ಳಿ. 500 ಷೇರಾದರೆ ಬೆಲೆ 5 ಸಾವಿರ, ತೆರಿಗೆ ಸುಮಾರು 75 ಸಾವಿರ. ಸಾಲ ಮಾಡಿ ಮಾತ್ರ ಬೇಡ.

ಮಂಗಳೂರು: ನನ್ನ ಪ್ರಶ್ನೆ?

ಮೈಸೂರು: ಅಪ್ಪ ಬೇಡ ಸರ್, ಅಮ್ಮನ ಹೆಸರಿಗೆ ಆಗತ್ತಾ?

ಉತ್ತರ: ಈ ಗ್ರೂಪಿನ ಅಡ್ಮಿನ್ ಯಾರು?