‘ಹಿನ್ನೆಲೆ ಗಾಯಕಿ’ ಎನ್ನಬಹುದೇ? ತ್ಸುಚಿಯ ಅನ್ನಾ ಪರಿಚಯಕ್ಕೆ ಬೇಕಾದ ಪದಗಳು

ಪ್ರಶ್ನೆ: ಜಪಾನಿನ ತ್ಸುಚಿಯ ಅನ್ನಾ ಅವರನ್ನು ‘ರೂಪದರ್ಶಿ, ನಟಿ, ಹಿನ್ನೆಲೆ ಗಾಯಕಿ’ ಎಂದು ಪರಿಚಯಿಸಿದರೆ ಸರಿಯೇ? ‘ಸೆನ್‌ಜೊಕು’ ಮಾಡೆಲ್, ‘ಯಾಂಕೀ’, ‘ಓಯಿರಾನ್’ – ಇವಕ್ಕೆ ಕನ್ನಡದಲ್ಲಿ ಏನೆನ್ನೋಣ?

ಉತ್ತರ: ಮೊದಲೆರಡಕ್ಕೆ ತಕರಾರಿಲ್ಲ. ‘ಹಿನ್ನೆಲೆ ಗಾಯಕಿ’ ಮಾತ್ರ ಅರ್ಧ ಸರಿ, ಅರ್ಧ ತಪ್ಪು.

2006–07ರ ‘ನಾನಾ’ ಅನಿಮೆಯಲ್ಲಿ (ಜಪಾನಿನ ಅನಿಮೇಷನ್ ಸರಣಿ) ಒಸಾಕಿ ನಾನಾ ಎಂಬ ರಾಕ್ ಗಾಯಕಿಯ ಪಾತ್ರವಿದೆ. ಆ ಪಾತ್ರದ ಮಾತು ಪಾಕು ರೊಮಿ ಅವರದು, ಹಾಡು ಅನ್ನಾ ಅವರದು. ಇಷ್ಟೇ ಆಗಿದ್ದರೆ ನಮ್ಮ ಸಿನಿಮಾದ ಹಿನ್ನೆಲೆ ಗಾಯನವೇ ಆಯಿತು. ಆದರೆ ‘ರೋಸ್’ ಹಾಡು ಅನಿಮೆಯ ಶೀರ್ಷಿಕೆ ಗೀತೆ. ಅದರ ಸಿಂಗಲ್ ಹೊರಬಂದದ್ದು ಅನ್ನಾ ಹೆಸರಿನಲ್ಲೇ. ಪಾತ್ರದ ಹೆಸರು, ಕಥೆಯ ಬ್ಯಾಂಡಿನ ಹೆಸರು ಬಾಲಂಗೋಚಿಯಂತೆ ಜೊತೆಗಿವೆ, ಅಷ್ಟೆ. ಇದಕ್ಕೂ ಮೊದಲೇ, 2002ರಲ್ಲಿ, ಅವರು ಸ್ಪಿನ್ ಆಕ್ವಾ ಬ್ಯಾಂಡಿನಲ್ಲಿ ಹಾಡುತ್ತಿದ್ದರು. ಹಾಗಾಗಿ ಪರಿಚಯದ ಸಾಲಿನಲ್ಲಿ ‘ರಾಕ್ ಗಾಯಕಿ’ ಎನ್ನಿ. ಅನಿಮೆಯ ವಿಷಯ ಬಂದಾಗ ‘ನಾನಾ ಪಾತ್ರಕ್ಕೆ ಹಾಡಿದವರು’ ಎಂದರೆ ಸಾಕು. 2005ರ ‘ನಾನಾ’ ಚಲನಚಿತ್ರವನ್ನು ಇದರೊಳಗೆ ಬೆರೆಸಬೇಡಿ. ಅಲ್ಲಿ ನಾನಾ ಆಗಿ ನಟಿಸಿ ತಾವೇ ಹಾಡಿದವರು ನಕಾಶಿಮಾ ಮಿಕಾ.

‘ಸೆನ್‌ಜೊಕು’ ಅಂದರೆ ಒಂದೇ ಫ್ಯಾಷನ್ ಪತ್ರಿಕೆಯ ಜೊತೆ ಒಪ್ಪಂದವಿರುವ ರೂಪದರ್ಶಿ. ಪ್ರತಿಸ್ಪರ್ಧಿ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವಂತಿಲ್ಲ. 14ರ ವಯಸ್ಸಿಗೆ ಮಾಡೆಲಿಂಗ್‌ಗೆ ಬಂದ ಅನ್ನಾ ‘ಸೆವೆಂಟೀನ್’ ಪತ್ರಿಕೆಗೆ ಹೀಗಿದ್ದವರು. ‘ಸೆವೆಂಟೀನ್ ಪತ್ರಿಕೆಯ ಖಾಯಂ ರೂಪದರ್ಶಿ’ ಸರಾಗವಾಗಿದೆ. ‘ಮೀಸಲು ರೂಪದರ್ಶಿ’ ಎಂದರೆ ನಮ್ಮವರಿಗೆ ಮೀಸಲಾತಿ ನೆನಪಾಗುತ್ತದೆ. ಇಂಥವರು ಪತ್ರಿಕೆ ಬಿಡುವುದಕ್ಕೆ ಜಪಾನೀಯರು ‘ಸೊತ್ಸುಗ್ಯೋ’ ಎನ್ನುತ್ತಾರೆ. ನಿಘಂಟು ನೋಡಿ ‘ಪದವಿ ಪಡೆದರು’ ಎಂದು ಬರೆದರೆ ಕಾಲೇಜು ಮುಗಿಸಿದಂತಾಗುತ್ತದೆ. ‘ಪತ್ರಿಕೆಯಿಂದ ಬೀಳ್ಕೊಂಡರು’ ಎನ್ನಿ.

‘ಯಾಂಕೀ’ಯನ್ನು ಹಾಗೇ ಬಿಟ್ಟರೆ ಅಪಾಯ. ಕನ್ನಡದ ಓದುಗ ಅಮೆರಿಕದವಳು ಎಂದುಕೊಳ್ಳುತ್ತಾನೆ. ಅನ್ನಾ ತಂದೆ ಅಮೆರಿಕದವರೇ ಆದ್ದರಿಂದ ಗೊಂದಲ ಇಮ್ಮಡಿ. ಜಪಾನಿನಲ್ಲಿ ಅದು ಪುಂಡ ಹುಡುಗ ಹುಡುಗಿಯರ ಹೆಸರು. 2004ರ ‘ಶಿಮೊತ್ಸುಮಾ ಮೊನೊಗಾತಾರಿ’ ಚಿತ್ರದಲ್ಲಿ ಅನ್ನಾ ನಟಿಸಿದ ಇಚಿಗೊ ಅಂಥವಳು: ಕಸೂತಿ ಹಾಕಿದ ಉದ್ದ ಕೋಟು, ಆಲ್ಟರ್ ಮಾಡಿಸಿದ ಸ್ಕೂಟರು, ಹುಡುಗಿಯರದೇ ಗ್ಯಾಂಗು. ‘ಗಂಡುಬೀರಿ’ ಎಂದರೆ ನಡತೆಯ ಬೈಗುಳವಾದೀತು, ಗ್ಯಾಂಗು ಕಾಣೆಯಾಗುತ್ತದೆ. ‘ಬೈಕ್ ಗ್ಯಾಂಗಿನ ಪುಂಡಿ’ ನನ್ನ ಆಯ್ಕೆ.

2007ರ ‘ಸಕುರಾನ್’ ಚಿತ್ರದಲ್ಲಿ ಅವರದು ಎದೊ ಕಾಲದ (17–19ನೇ ಶತಮಾನ) ಯೊಶಿವಾರಾ ಎಂಬ ವೇಶ್ಯಾವಾಟಿಕೆಯಲ್ಲಿ ಬೆಳೆದು ಓಯಿರಾನ್ ಆಗುವವಳ ಪಾತ್ರ. ಇದಕ್ಕೆ ‘ಗಣಿಕೆ’ ಚೆನ್ನಾಗಿ ಒಗ್ಗುತ್ತದೆ, ಶ್ರೇಣಿಯ ದೊಡ್ಡಸ್ತಿಕೆಯೂ ಉಳಿಯುತ್ತದೆ. ‘ಗೇಶಾ’ ತಪ್ಪು, ಗೇಶಾ ಹಾಡು, ಕುಣಿತ, ವಾದ್ಯದಿಂದ ರಂಜಿಸುವವಳು, ಕಸುಬೇ ಬೇರೆ.

ಕೊನೆಗೆ ಹೆಸರು. ಜಪಾನಿ ಉಚ್ಚಾರದಲ್ಲಿ ಕೊನೆಯ ಸ್ವರ ಹ್ರಸ್ವ, ‘ಅನ್ನ’. ಆದರೆ ‘ಅನ್ನದ ಹಾಡು’ ಎಂದು ಯಾರೂ ಓದಬಾರದಲ್ಲ! ದೀರ್ಘ ಹಾಕಿ, ವಿಭಕ್ತಿಯನ್ನು ‘ಅವರು’ ಪದಕ್ಕೆ ಹಚ್ಚಿ: ‘ಅನ್ನಾ ಅವರ ಹಾಡು’.