ಗಿರಣಿಯ ಕಟ್ಟೆಗಳು ಹೊಳೆಯನ್ನೇ ಬದಲಿಸಿದವು ಎನ್ನುತ್ತಾರೆ. ನಮ್ಮ ತೋಡಿನ ಕಟ್ಟಗಳು?

ಪ್ರಶ್ನೆ (ಉಡುಪಿಯಿಂದ):
ಅಮೆರಿಕದ ಪೆನ್ಸಿಲ್ವೇನಿಯಾದ ತೊರೆಗಳ ಎತ್ತರದ ಮಣ್ಣಿನ ದಂಡೆಗಳು ನಿಸರ್ಗ ಮಾಡಿದವಲ್ಲ, ಹಳೆಯ ನೀರಿನ ಗಿರಣಿಗಳ ಕಟ್ಟೆಗಳಿಂದ ಉಂಟಾದವು ಎಂದು ಓದಿದೆ. ಆಳೆತ್ತರದ ಕಟ್ಟೆಯೊಂದು ಕಣಿವೆಯ ರೂಪವನ್ನೇ ಬದಲಿಸುವುದು ಹೇಗೆ? ನಾವೂ ತಲೆಮಾರುಗಳಿಂದ ತೋಡುಗಳಿಗೆ (ಸಣ್ಣ ಹೊಳೆಗಳಿಗೆ) ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುತ್ತ ಬಂದವರು. ಇಲ್ಲಿಯೂ ಹಾಗೆಯೇ ಆಗಿರಬಹುದೇ?

ಉತ್ತರ (ಮಂಗಳೂರಿನಿಂದ, ಭೂವಿಜ್ಞಾನ ಕಲಿಸುವವರು):
ನೀವು ಓದಿದ್ದು ಸರಿ. ರಾಬರ್ಟ್ ವಾಲ್ಟರ್ ಮತ್ತು ಡೊರೊಥಿ ಮೆರಿಟ್ಸ್ ಎಂಬ ಭೂವಿಜ್ಞಾನಿಗಳು 2008ರಲ್ಲಿ ಇದನ್ನು ಪ್ರಕಟಿಸಿದರು. 1840ರ ಹೊತ್ತಿಗೆ ಪೂರ್ವ ಅಮೆರಿಕದಲ್ಲಿ ನೀರಿನಿಂದ ನಡೆಯುವ 65,000ಕ್ಕೂ ಹೆಚ್ಚು ಗಿರಣಿಗಳಿದ್ದವು. ಒಂದು ಕಟ್ಟೆ ಸಣ್ಣದಾದರೂ ಒಂದೇ ತೊರೆಯ ಮೇಲೆ ಒಂದರ ಹಿಂದೊಂದು ಕಟ್ಟೆಗಳು ಇದ್ದುದರಿಂದ, ಕಾಡು ಕಡಿದು ಉತ್ತ ಗುಡ್ಡಗಳಿಂದ ಕೊಚ್ಚಿ ಬಂದ ಮಣ್ಣು ಕೆಳಗಿಳಿಯಲಾಗದೆ ಅವುಗಳ ಹಿಂದೆ 1ರಿಂದ 5 ಮೀಟರ್‌ವರೆಗೆ ತುಂಬಿಕೊಂಡಿತು. ಗಿರಣಿಗಳು ನಿಂತು ಕಟ್ಟೆಗಳು ಒಡೆದ ಮೇಲೆ ತೊರೆಯು ಆ ಹೂಳನ್ನೇ ಕೊರೆದು ಕೆಳಗಿಳಿಯಿತು. ಉಳಿದದ್ದು ನೆಟ್ಟಗೆ ನಿಂತ ದಂಡೆ. ಆ ದಂಡೆಯ ಬುಡದಲ್ಲಿ ಜೌಗುಗಿಡಗಳ ಬೀಜಗಳಿರುವ ಕಪ್ಪು ಮಣ್ಣಿನ ಪದರವೊಂದು ಸಿಗುತ್ತದೆ. ಮೊದಲು ಅಲ್ಲಿ ಹರಿಯುತ್ತಿದ್ದುದು ಒಂದೇ ಆಳದ ತೊರೆಯಲ್ಲ, ಜೌಗಿನ ನಡುವೆ ಕವಲೊಡೆದ ಪುಟ್ಟ ಹರಿವುಗಳು ಎಂಬುದಕ್ಕೆ ಅದೇ ಸಾಕ್ಷಿ. ಸಹಜ ನದಿ ಹೇಗಿರುತ್ತದೆ ಎಂದು ತಿಳಿಯಲು ವಿದ್ವಾಂಸರು ಬಹುಕಾಲ ಅಳೆದದ್ದು ಇಂಥ ತೊರೆಗಳನ್ನೇ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಉತ್ತರ (ಕಾರ್ಕಳದ ಕಡೆಯ ಕೃಷಿಕರು):
ಮೇಷ್ಟ್ರು ಹೇಳಿದ್ದರಲ್ಲಿ ನಮ್ಮ ಕಟ್ಟಕ್ಕೂ ಆ ಕಟ್ಟೆಗೂ ಇರುವ ವ್ಯತ್ಯಾಸ ಅಡಗಿದೆ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ದ ಮೇಲೆ, ತೋಡಿನ ನೀರು ಇಳಿಯುತ್ತಿದ್ದಂತೆ, ಅಡಿಕೆ ಮರದ ಕಾಂಡಗಳನ್ನು ಅಡ್ಡ ಇಟ್ಟು, ಕಲ್ಲು ಪೇರಿಸಿ, ಸೊಪ್ಪು ತುರುಕಿ, ಸಂದುಗಳಿಗೆ ಮಣ್ಣು ಮೆತ್ತಿ ನಾವು ಕಟ್ಟ ಹಾಕುತ್ತೇವೆ. ಅದರ ನಂತರದ ಸುಗ್ಗಿ ಎಂಬ ಎರಡನೆಯ ಬೆಳೆಗೂ ತೋಟಕ್ಕೂ ನೀರಾಗುತ್ತದೆ, ಸುತ್ತಲಿನ ಬಾವಿಗಳಲ್ಲೂ ನೀರು ಮೇಲೇರುತ್ತದೆ. ಮುಂಗಾರಿನ ಮೊದಲ ದೊಡ್ಡ ನೆರೆ ಬಂದಾಗ ಕಟ್ಟ ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ತಂಗಿದ್ದ ಹೂಳೂ ಅದರ ಜೊತೆಗೇ ಹೋಗುತ್ತದೆ. ಪ್ರತಿವರ್ಷ ಹೊಸದಾಗಿ ದುಡಿಯಬೇಕಾದರೂ ತೋಡಿನ ತಳ ಮಾತ್ರ ಹಳೆಯ ಮಟ್ಟದಲ್ಲೇ ಉಳಿಯುತ್ತದೆ.

ಆದರೆ ಎಲ್ಲವೂ ಹೀಗಿಲ್ಲ. ನಮ್ಮ ಬಳಿ, ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಒಂದು ಕಿಂಡಿ ಅಣೆಕಟ್ಟು ಇದೆ. ಒಂದು ವರ್ಷ ಮಳೆಗೆ ಮುಂಚೆ ಅದರ ಹಲಗೆಗಳನ್ನು ತೆಗೆಯಲು ಯಾರೂ ಬರಲಿಲ್ಲ. ಕಿಂಡಿಗಳಲ್ಲಿ ಕಸಕಡ್ಡಿ ಸಿಕ್ಕಿಕೊಂಡು ದಾರಿ ಕಾಣದ ನೀರು ಪಕ್ಕದ ದಂಡೆಯನ್ನು ಕೊರೆಯಿತು. ನಮ್ಮ ತೋಟದ ಒಂದು ಸಾಲು ಅಡಿಕೆ ಮರಗಳು ಬೇರುಸಹಿತ ತೋಡಿಗೆ ಉರುಳಿದವು. ಆ ನೋವು ಇನ್ನೂ ಹೋಗಿಲ್ಲ.

ಉತ್ತರ (ಮಂಗಳೂರಿನಿಂದ, ಮತ್ತೆ):
ನಿಮ್ಮ ಅನುಭವವೇ ಅತ್ಯುತ್ತಮ ವಿವರಣೆ. ಮಳೆಗಾಲದಲ್ಲಿ ಮಣ್ಣಿಗೆ ದಾರಿ ಸಿಗುತ್ತದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪ್ರಶ್ನೆ ಕೇಳಿದವರಿಗೆ ಒಂದು ಮಾತು: ನೀರು ಇಳಿದಾಗ ನಿಮ್ಮ ತೋಡಿನ ದಂಡೆಯನ್ನು ಸ್ವಲ್ಪ ಕೆರೆದು ನೋಡಿ. ಮೇಲೆ ಕೆಂಪು ಹೂಳು, ಅದರ ಬುಡದಲ್ಲಿ ಎಲೆಬೀಜಗಳಿರುವ ಕಪ್ಪು ಪದರ ಕಂಡರೆ ಆ ಜಾಗದ ಚಿತ್ರವನ್ನು ಇಲ್ಲಿ ದಯವಿಟ್ಟು ಹಾಕಿ.